ಗ್ಯುಮ್ರಿಯಲ್ಲಿ ಅರ್ಧಕ್ಕೆ ನಿಂತ ಮನೆ: ಒಂದು ಸಿದ್ಧತೆಯ ದಿನಚರಿ

ಏಪ್ರಿಲ್ 12, ಬೆಂಗಳೂರು

ಉತ್ತರ ಪತ್ರಿಕೆಗಳ ಮೌಲ್ಯಮಾಪನ ಮುಗಿಸಿ ಮನೆಗೆ ಬಂದ ಸಂಜೆಯೇ ಪತ್ರ ಬಂದಿತ್ತು. ಅರ್ಮೇನಿಯಾದ ಗ್ಯುಮ್ರಿ ನಗರದ ಅಂಚಿನಲ್ಲಿ ಒಂದು ಕುಟುಂಬದ ಮನೆಯನ್ನು ಕಟ್ಟಿ ಮುಗಿಸಲು ನೆರವಾಗುವ ಸ್ವಯಂಸೇವಕರ ತಂಡದಲ್ಲಿ ನನಗೂ ಒಂದು ಸ್ಥಾನ ದೊರೆತಿದೆ ಎಂದು ಅದರಲ್ಲಿತ್ತು. ಮೇ ಎರಡನೆಯ ವಾರದಲ್ಲಿ ಅಲ್ಲಿರಬೇಕು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ಕೈಯಲ್ಲಿ ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ದಿನಗಟ್ಟಲೆ ಹಿಡಿದು ಅಭ್ಯಾಸವಿಲ್ಲದ ನನ್ನಂಥವಳಿಂದ ಅವರಿಗೆ ಏನು ಪ್ರಯೋಜನವೆಂಬ ಪ್ರಶ್ನೆ ಅರ್ಜಿ ಹಾಕುವಾಗಲೇ ಇತ್ತು. ಪತ್ರ ಬಂದ ಮೇಲೆ ಅದು ಇನ್ನಷ್ಟು ದೊಡ್ಡದಾಯಿತು.

ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತೆಂದರೆ 'ಕಟ್ಟುವುದು' ಅಲ್ಲ, 'ಮುಗಿಸುವುದು'. 1988ರ ಡಿಸೆಂಬರ್ 7ರ ಬುಧವಾರ ಬೆಳಿಗ್ಗೆ 11 ಗಂಟೆ 41 ನಿಮಿಷಕ್ಕೆ, ಮಕ್ಕಳು ಶಾಲೆಯಲ್ಲಿಯೂ ದೊಡ್ಡವರು ಕಾರ್ಖಾನೆಗಳಲ್ಲಿಯೂ ಇದ್ದ ಹೊತ್ತಿನಲ್ಲಿ, ಉತ್ತರ ಅರ್ಮೇನಿಯಾದಲ್ಲಿ 6.8 ತೀವ್ರತೆಯ ಭೂಕಂಪವಾಯಿತು. ಕನಿಷ್ಠ 25,000 ಜನ ಸತ್ತರು, ಐದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಗ್ಯುಮ್ರಿಗೆ ಆಗ ಲೆನಿನಕಾನ್ ಎಂದು ಹೆಸರು. ಎರಡು ವರ್ಷದಲ್ಲಿ ಎಲ್ಲವನ್ನೂ ಕಟ್ಟಿಕೊಡುತ್ತೇವೆಂದು ಮಾಸ್ಕೋ ಮಾತು ಕೊಟ್ಟಿತು. ಆದರೆ ಮೂರು ವರ್ಷ ತುಂಬುವ ಹೊತ್ತಿಗೆ ಮಾತು ಕೊಟ್ಟ ಸೋವಿಯತ್ ದೇಶವೇ ಉಳಿಯಲಿಲ್ಲ. ಅನೇಕ ಕುಟುಂಬಗಳು ಪಾಯ ಹಾಕಿ, ಗೋಡೆಯನ್ನು ಎದೆಮಟ್ಟಕ್ಕೋ ತಲೆಮಟ್ಟಕ್ಕೋ ಎತ್ತಿ, ಅಲ್ಲಿಗೆ ನಿಂತುಬಿಟ್ಟವು. ಅದರ ಬೆನ್ನಿಗೆ ಯುದ್ಧ, ಗಡಿಗಳ ಮುಚ್ಚುವಿಕೆ, ಕರೆಂಟಿಲ್ಲದ ಚಳಿಗಾಲಗಳು ಬಂದವು. ಭೂಕಂಪದ ಭಯದಿಂದ 1989ರಲ್ಲಿ ನಿಲ್ಲಿಸಿದ್ದ ಮೆತ್ಸಮೋರ್ ಅಣುಸ್ಥಾವರವನ್ನು ಮತ್ತೆ ಆರಂಭಿಸಿದ್ದು 1995ರಲ್ಲಿ. ಅಷ್ಟರವರೆಗೆ ಜನ ಮರಗಳನ್ನೂ ಪೀಠೋಪಕರಣಗಳನ್ನೂ ಸುಟ್ಟು ಬೆಚ್ಚಗಾದರು. ತಾತ್ಕಾಲಿಕವಾಗಿ ಕೊಟ್ಟ ತಗಡಿನ ಡಬ್ಬಿಮನೆಗಳು, ಅಂದರೆ ಅಲ್ಲಿಯವರು 'ಡೊಮಿಕ್' ಎಂದು ರಷ್ಯನ್ ಹೆಸರಿನಿಂದಲೇ ಕರೆಯುವ ಗೂಡುಗಳು, ಕೆಲವರಿಗೆ ಮೂವತ್ತು ವರ್ಷ ದಾಟಿದರೂ ಬಿಡಲಾಗದ ವಿಳಾಸವಾದವು.

ಈ ಕೆಲಸ ದಾನವಲ್ಲ ಎಂಬುದನ್ನು ಪತ್ರ ಎರಡು ಸಲ ಒತ್ತಿ ಹೇಳಿತ್ತು. ಸಾಮಗ್ರಿಯ ಹಣವನ್ನು ಕುಟುಂಬವು ಬಡ್ಡಿಯಿಲ್ಲದೆ ವರ್ಷಗಟ್ಟಲೆ ಕಂತಿನಲ್ಲಿ ತೀರಿಸುತ್ತದೆ. ತಾನೂ ನಮ್ಮೊಂದಿಗೆ ಮೈಮುರಿದು ದುಡಿಯುತ್ತದೆ. ಆ ಕಂತಿನ ಹಣ ಇನ್ನೊಬ್ಬರ ಮನೆಗೆ ಹೋಗುತ್ತದೆ. ಮಿಲ್ಲರ್ಡ್ ಫುಲ್ಲರ್ ಎಂಬ ಅಮೆರಿಕನ್ ವಕೀಲರು 1976ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಚಳವಳಿಯಾಗಿ ರೂಪಿಸಿದ ಪದ್ಧತಿಯಿದು.

ಏಪ್ರಿಲ್ 15, ಬೆಂಗಳೂರು

ಅವ್ವನಿಗೆ ಫೋನಿನಲ್ಲಿ ತಿಳಿಸಿದೆ. ಬೀದರ್ ಜಿಲ್ಲೆಯ ನಮ್ಮ ಹಳ್ಳಿಯಿಂದ ಹೊರಟ ಆಕೆಯ ಪ್ರಶ್ನೆ ನೇರವಾಗಿತ್ತು: "ಅಲ್ಲಿ ಗೌಂಡಿಗೋಳು ಇಲ್ಲೇನವ್ವಾ? ವಿಮಾನಕ್ಕ ಹಾಕೋ ರೊಕ್ಕ ಅವರಿಗೇ ಕಳಿಸಿದ್ರ ಒಂದ್ ಖೋಲಿ ಆಗ್ತಿತ್ತಲ್ಲ."

ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಲೆಕ್ಕದ ದೃಷ್ಟಿಯಿಂದ ಅವ್ವನೇ ಸರಿ. ಗಣಿತದ ಮೇಷ್ಟ್ರಮ್ಮನಾಗಿ ಅದನ್ನು ಅಲ್ಲಗಳೆಯಲಾರೆ. ಸ್ವಯಂಸೇವಕರು ತರುವ ಹಣದ ಒಂದು ಪಾಲು ನೇರವಾಗಿ ಸಾಮಗ್ರಿಗೆ ಹೋಗುತ್ತದೆಯೆಂಬ ಸಮಾಧಾನವಿದೆ, ನಿಜ. ಆದರೂ ಟಿಕೆಟ್ಟಿನ ಮೊತ್ತ ಟಿಕೆಟ್ಟಿನ ಮೊತ್ತವೇ. ನಾನು ಹೋಗುತ್ತಿರುವುದರ ಹಿಂದೆ ಲೆಕ್ಕಕ್ಕೆ ಸಿಗದ ಇನ್ನೊಂದು ಕಾರಣವಿತ್ತು. ಅದನ್ನು ಹೇಳಿದೊಡನೆ ಅವ್ವ ಸುಮ್ಮನಾದಳು.

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ನಾನು ಏಳನೆಯ ತರಗತಿಯಲ್ಲಿದ್ದೆ. ಹಿಂದಿನ ದಿನ ಗಣಪತಿ ವಿಸರ್ಜನೆ ಮುಗಿಸಿ ಆ ಭಾಗದ ಊರುಗಳೆಲ್ಲ ಗಾಢ ನಿದ್ದೆಯಲ್ಲಿದ್ದವು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ನಮ್ಮ ಹಳ್ಳಿಯಲ್ಲಿ ಯಾರೂ ಸಾಯಲಿಲ್ಲ, ಆದರೆ ಅನೇಕ ದಿನ ನಾವೆಲ್ಲ ಕಣದಲ್ಲಿ ಚಾಪೆ ಹಾಸಿ ಮಲಗಿದೆವು. ಕಿಲ್ಲಾರಿಯ ಕಡೆ ಜನರನ್ನು ಕೊಂದದ್ದು ನೆಲವಲ್ಲ, ಮನೆಯ ಗೋಡೆಗಳು. ಎರಡು ಕಡೆ ದೊಡ್ಡ ಕಲ್ಲಿನ ಮುಖ, ನಡುವೆ ಚೂರುಗಲ್ಲು ಮತ್ತು ಮಣ್ಣು, ಎರಡು ಮುಖಗಳನ್ನು ಹೊಲಿದಂತೆ ಹಿಡಿಯಬೇಕಾದ ಅಡ್ಡಗಲ್ಲು ಮಾತ್ರ ಇಲ್ಲ. ಅರ್ಮೇನಿಯಾದ ಹಳೆಯ ಮನೆಗಳಲ್ಲಿಯೂ 'ಮಿದಿಸ್' ಎಂಬ ಇಂಥದೇ ಮೂರು ಪದರದ ಕಲ್ಲುಗೋಡೆಯಿದೆಯೆಂದೂ ಅದೂ 1988ರಲ್ಲಿ ಹೀಗೆಯೇ ಹೊಟ್ಟೆ ಬಿರಿದು ಬಿದ್ದಿತೆಂದೂ ಓದಿದ ದಿನ ನಾನು ಅರ್ಜಿ ತುಂಬಿದ್ದೆ.

ಏಪ್ರಿಲ್ 20, ಚೆನ್ನೈ

ಅರ್ಮೇನಿಯಾಕ್ಕೆ ಹೋಗುವ ಮುನ್ನ ನೋಡಬಹುದಾದ ಅರ್ಮೇನಿಯಾ ಬೆಂಗಳೂರಿನಿಂದ ಒಂದು ಹಗಲಿನ ರೈಲಿನಷ್ಟು ದೂರದಲ್ಲಿಯೇ ಇದೆ. ಚೆನ್ನೈನ ಜಾರ್ಜ್ ಟೌನಿನಲ್ಲಿ ಅರ್ಮೇನಿಯನ್ ಸ್ಟ್ರೀಟ್ ಎಂಬ ಗಿಜಿಗುಡುವ ಬೀದಿಯಿದೆ. ಸಗಟು ವ್ಯಾಪಾರಿಗಳ ಕೂಗಿನ ನಡುವೆ ಒಂದು ಎತ್ತರದ ಬಾಗಿಲು. ಅದನ್ನು ದಾಟಿದರೆ 1772ರ ಚರ್ಚು, ಗಂಟೆಗೋಪುರ, ಸಂಪಿಗೆಯ ನೆರಳು, ಕಾಲಡಿಯಲ್ಲಿ ಸಮಾಧಿಗಲ್ಲುಗಳು. ಪ್ರಾರ್ಥನೆಗೆ ಬರುವ ಅರ್ಮೇನಿಯನ್ ಸಮುದಾಯವೇ ಇಂದು ಆ ನಗರದಲ್ಲಿ ಇಲ್ಲವೆನ್ನಬಹುದು. ನಾನು ಹೋದಾಗ ಒಬ್ಬ ಕಾವಲುಗಾರ ಮಾತ್ರ ಇದ್ದರು.

ಇಲ್ಲಿ ಹಾರುತ್ಯುನ್ ಶ್ಮಾವೊನ್ಯಾನ್ ಅವರ ಸಮಾಧಿಯಿದೆ. ಪರ್ಷಿಯಾದ ಶಿರಾಜ್ ನಗರದಿಂದ ಬಂದ ಈ ಪಾದ್ರಿ 1794ರಲ್ಲಿ ಮದರಾಸಿನಲ್ಲಿ 'ಅಜ್ದರಾರ್' ಪತ್ರಿಕೆಯನ್ನು ಮುದ್ರಿಸಿದರು. ಜಗತ್ತಿನ ಮೊಟ್ಟಮೊದಲ ಅರ್ಮೇನಿಯನ್ ಪತ್ರಿಕೆ ಅದು. ಅದಕ್ಕೂ ಎರಡು ದಶಕ ಮುಂಚೆ, ಶಾಹಮಿರ್ ಶಾಹಮಿರ್ಯಾನ್ ಎಂಬ ಮದರಾಸಿನ ವರ್ತಕರ ಬಳಗವು ಮುಂದೆಂದೋ ಸ್ವತಂತ್ರವಾಗಬಹುದಾದ ಅರ್ಮೇನಿಯಾಕ್ಕೆ ಒಂದು ಸಂವಿಧಾನವನ್ನೇ ಬರೆದು ಅಚ್ಚು ಹಾಕಿಸಲು ಹೊರಟಿತ್ತು. ಅದರ ಮುಖಪುಟದ ಮೇಲಿರುವ ವರ್ಷ 1773. ಅವರಿಗೆ ಆಗ ದೇಶವಿರಲಿಲ್ಲ. ಅವರ ನೆಲ ಒಟ್ಟೋಮನ್ ಮತ್ತು ಪರ್ಷಿಯನ್ ದೊರೆಗಳ ನಡುವೆ ಹಂಚಿಹೋಗಿತ್ತು. ಗೋಡೆ ಏಳುವ 145 ವರ್ಷ ಮೊದಲೇ ನಕ್ಷೆ ಬರೆದಿಟ್ಟವರು ಎಂದುಕೊಂಡು ಲೆಕ್ಕ ಹಾಕಿದೆ: ಮೊದಲ ಅರ್ಮೇನಿಯನ್ ಗಣರಾಜ್ಯ ಉದಯಿಸಿದ್ದು 1918ರ ಮೇ 28ರಂದು. ಸೈದಾಪೇಟೆಯಲ್ಲಿ ಅಡ್ಯಾರ್ ನದಿಗೆ 1726ರಲ್ಲಿ ಸೇತುವೆ ಕಟ್ಟಿಸಿದವರೂ ಪೆತ್ರೋಸ್ ವೊಸ್ಕಾನ್ ಎಂಬ ಅರ್ಮೇನಿಯನ್ ವರ್ತಕರೇ. ಅವರು ಇಲ್ಲಿ ಸೇತುವೆ ಕಟ್ಟಿಸಿದ್ದಾರೆ, ನಾನು ಅಲ್ಲಿಗೆ ನಾಲ್ಕು ಬಾಂಡ್ಲಿ ಸಿಮೆಂಟ್ ಹೊರಲು ಹೋಗುತ್ತಿದ್ದೇನೆ ಎಂದು ಅವ್ವನಿಗೆ ಹೇಳಬಹುದಿತ್ತು. ಆ ಜಾಣ ಉತ್ತರ ಹೊಳೆದಾಗ ರೈಲು ಕಾಟ್ಪಾಡಿ ದಾಟಿತ್ತು.

ಏಪ್ರಿಲ್ 24, ಬೆಂಗಳೂರು

ಅರ್ಮೇನಿಯನ್ನರು ಎಲ್ಲಿದ್ದರೂ ಈ ದಿನವನ್ನು ಮರೆಯುವುದಿಲ್ಲ. 1915ರ ಇದೇ ದಿನ ಒಟ್ಟೋಮನ್ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವರ ಬರಹಗಾರರನ್ನೂ ಮುಖಂಡರನ್ನೂ ಬಂಧಿಸುವುದರೊಂದಿಗೆ ನರಮೇಧ ಆರಂಭವಾಯಿತು. ತಂಡದ ಸಂಯೋಜಕರು ಕಳಿಸಿದ ಓದಿನ ಕಟ್ಟಿನಲ್ಲಿ ಇದಕ್ಕೆ ಸಂಬಂಧಿಸಿದ ಪುಟಗಳೇ ಹೆಚ್ಚು. 'ಮನೆ ಕಟ್ಟಲು ಹೋಗುವವರು ಮನೆ ಕಳೆದುಕೊಂಡದ್ದನ್ನು ಮೊದಲು ತಿಳಿಯಬೇಕು' ಎಂಬ ಅರ್ಥದ ಒಂದು ಸಾಲು ಅದರ ಮೇಲಿತ್ತು. 2023ರ ಸೆಪ್ಟೆಂಬರಿನಲ್ಲಿ ನೆರೆಯ ಅಜರ್ಬೈಜಾನ್ ವಶಪಡಿಸಿಕೊಂಡ ನಾಗೊರ್ನೊ-ಕರಾಬಾಖ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಗಡಿ ದಾಟಿ ಬಂದ ಸಂಗತಿಯೂ ಆ ಕಟ್ಟಿನಲ್ಲಿತ್ತು. ಮೂವತ್ತು ಲಕ್ಷದಷ್ಟು ಜನಸಂಖ್ಯೆಯ, ನಮ್ಮ ರಾಜ್ಯದ ಆರನೆಯ ಒಂದು ಭಾಗಕ್ಕಿಂತ ಚಿಕ್ಕದಾದ ದೇಶಕ್ಕೆ ಅದೆಷ್ಟು ಹೊರೆಯೆಂದು ಬೇರೆ ವಿವರಿಸಬೇಕಿಲ್ಲ.

ಏಪ್ರಿಲ್ 25ರಿಂದ 30

ಅಕ್ಷರಾಭ್ಯಾಸದ ವಾರ. ಮೆಸ್ರೋಪ್ ಮಾಷ್ಟೊತ್ಸ್ ಎಂಬ ಸಂತರು ಕ್ರಿ.ಶ. 405ರ ಸುಮಾರಿಗೆ ರೂಪಿಸಿದ 36 ಅಕ್ಷರಗಳು, ಆಮೇಲೆ ಸೇರಿ ಈಗ 39. ಅಕ್ಷರಗಳು ಕುದುರೆ ಲಾಳದಂತೆ, ಕೊಕ್ಕೆಯಂತೆ, ತಲೆಕೆಳಗಾದ ಕುರ್ಚಿಯಂತೆ ಕಾಣುತ್ತವೆ. ನಲವತ್ತರ ಮೇಲೆ ಒಂದು ಲಿಪಿ ಕಲಿಯುವಾಗ ನನ್ನ ವಿದ್ಯಾರ್ಥಿಗಳ ಮೇಲೆ ಹುಟ್ಟಿದ ಕನಿಕರವನ್ನು ಇಲ್ಲಿ ದಾಖಲಿಸಬೇಕು.

ಆದರೆ ಪದಗಳು ಅಷ್ಟು ಅಪರಿಚಿತವಲ್ಲ. ಹತ್ತಕ್ಕೆ 'ತಾಸ್' ಎನ್ನುತ್ತಾರೆ. ನಮ್ಮ ದಶ, ಬೀದರಿನ ದಖನಿಯ 'ದಸ್' ಅದಕ್ಕೆ ದೂರದ ಬಂಧುಗಳು. ಬಾಗಿಲಿಗೆ 'ದುರ್', ಸಂಸ್ಕೃತದ ದ್ವಾರವೂ ನಮ್ಮ ಕಡೆಯ ದರವಾಜೆಯೂ ಅದೇ ಬೇರಿನವು. ಮನೆ 'ತುನ್', ಕಲ್ಲು 'ಕಾರ್'. ಕೆಲಸದ ಹಿರಿಯ ಕುಶಲಿಗೆ 'ವರ್ಪೆತ್' ಎನ್ನುತ್ತಾರೆ. ಮೇಸ್ತ್ರಿ ಎಂದರೆ ನಮ್ಮಲ್ಲಿರುವ ಗೌರವವೇ ಅದರಲ್ಲಿಯೂ ಇದೆ, ದೊಡ್ಡ ಕವಿಗಳನ್ನೂ ಕಲಾವಿದರನ್ನೂ ಅವರು ಅದೇ ಪದದಿಂದ ಕರೆಯುತ್ತಾರೆ. ಹೆಸರಿನ ಹಿಂದೆ 'ಜಾನ್' ಸೇರಿಸಿದರೆ ಪ್ರೀತಿ. ಊಟಕ್ಕೆ ಕರೆಯುವಾಗ 'ರೊಟ್ಟಿ ತಿನ್ನು' ಎಂಬರ್ಥದ ಮಾತನ್ನೇ ಬಳಸುತ್ತಾರೆ, ಜೋಳದ ಸೀಮೆಯವಳಾದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು 'ತ್ಸಾವೆದ್ ತಾನೆಮ್'. 'ನಿನ್ನ ನೋವನ್ನು ನಾನು ಒಯ್ಯುತ್ತೇನೆ' ಎಂದು ಅದರ ಅರ್ಥ. ಮಗುವನ್ನು ಮುದ್ದಿಸುವಾಗಲೂ, ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗಲೂ ಹೇಳುವರಂತೆ. ನಮ್ಮ ಅಜ್ಜಿ ಜ್ವರ ಬಂದ ಮಕ್ಕಳ ಹಣೆ ಸವರಿ "ನಿನ್ನ ಬ್ಯಾನಿ ನನಗಿರ್ಲಿ" ಎನ್ನುತ್ತಿದ್ದಳು. 'ಧನ್ಯವಾದ'ಕ್ಕೆ ಇರುವ 'ಶ್ನೊರ್ಹಾಕಲುತ್ಯುನ್' ಎಂಬ ಪದವನ್ನು ಮೂರು ದಿನ ಉರುಹೊಡೆದ ಮೇಲೆ, ಅಲ್ಲಿಯ ಜನ ಸಾಮಾನ್ಯವಾಗಿ 'ಮೆರ್ಸಿ' ಎಂದಷ್ಟೇ ಅನ್ನುತ್ತಾರೆಂದು ತಿಳಿಯಿತು.

ಮೇ 3, ಬೆಂಗಳೂರು

ಬೆಂಗಳೂರಿನಿಂದ ಹೊರಡುವ ನಾವು ನಾಲ್ವರು. ಅವರಲ್ಲಿ ಒಬ್ಬರ ಅಣ್ಣ ಹೆಸರಘಟ್ಟದ ಕಡೆ ಮನೆ ಕಟ್ಟಿಸುತ್ತಿದ್ದರು; ಭಾನುವಾರ ಅಲ್ಲಿ ಕೂಲಿಯಿಲ್ಲದೆ ದುಡಿಯುತ್ತೇವೆಂದು ಮೇಸ್ತ್ರಿಯನ್ನು ಒಪ್ಪಿಸಿದೆವು. ಆತ ಹುಮನಾಬಾದ್ ಕಡೆಯವರು. ನನ್ನ ಮಾತಿನ ಧಾಟಿ ಕೇಳಿ ನಕ್ಕರು, ಆಮೇಲೆ ನನ್ನ ಕೈಗೆ ಕರಣೆ ಕೊಡದೆ ಸಲಿಕೆ ಕೊಟ್ಟರು.

ಒಂದು ದಿನದಲ್ಲಿ ಕಲಿತದ್ದು ಕಡಿಮೆಯಲ್ಲ. ಮಾಲು ಕಲೆಸುವಾಗ ಮರಳು ಮತ್ತು ಸಿಮೆಂಟನ್ನು ಒಣದರಲ್ಲಿಯೇ ಬಣ್ಣ ಒಂದಾಗುವ ತನಕ ಮಗುಚಬೇಕು. ನೀರು ಒಮ್ಮೆಲೆ ಸುರಿಯಬಾರದು. ರಸಮಟ್ಟವನ್ನು ಒಂದು ಸಲ ನೋಡಿ, ತಿರುಗಿಸಿ ಇನ್ನೊಂದು ಸಲ ನೋಡಬೇಕು, ಏಕೆಂದರೆ ಮಟ್ಟವೇ ಸುಳ್ಳು ಹೇಳಬಹುದು. ಭಾರವನ್ನು ಸೊಂಟದಿಂದ ಎತ್ತದೆ ತೊಡೆಯಿಂದ ಎತ್ತಬೇಕು. ಮಧ್ಯಾಹ್ನದ ಹೊತ್ತಿಗೆ ನಾನು ಬಾಂಡ್ಲಿಯನ್ನು ತುಂಬ ತುಂಬಿಸಿ, ನಾಲ್ಕು ಹೆಜ್ಜೆಗೊಮ್ಮೆ ಚೆಲ್ಲುತ್ತಾ ನಡೆಯುವುದನ್ನು ನೋಡಿ ಅವರು ಹೇಳಿದರು: "ಅರ್ಧಾ ತುಂಬ್ರಿ ಟೀಚರ್. ಅರ್ಧಾ ತುಂಬಿದವ್ರು ಸಂಜೀತನ ಇರ್ತಾರ, ಪೂರಾ ತುಂಬಿದವ್ರು ಊಟದ ಹೊತ್ತಿಗೇ ಕುಂದರ್ತಾರ." ಈ ನಗರವನ್ನು ನಮ್ಮ ಭಾಗದ ಜನ ಕಟ್ಟುತ್ತಿರುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಆದರೆ ಅವರ ಪಕ್ಕದಲ್ಲಿ ನಿಂತು ಒಂದು ಗೋಡೆ ಏರುವುದನ್ನು ನೋಡಿದ್ದು ಅಂದೇ ಮೊದಲು. ಅದಕ್ಕಾಗಿ ಕಾಕಸಸ್ ಪರ್ವತಗಳ ನೆಪ ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಮೇ 7, ಬೆಂಗಳೂರು

ಇ-ವೀಸಾ ಬಂದಿದೆ. ಧನುರ್ವಾಯುವಿನ ಚುಚ್ಚುಮದ್ದು ಆಗಿದೆ. ಬೆರಳಿನ ಬಳಿ ಗಟ್ಟಿ ಲೋಹವಿರುವ ಬೂಟು, ಎರಡು ಜೊತೆ ಕೈಗವಸು, ಟೋಪಿ, ಉಣ್ಣೆಯ ಸ್ವೆಟರು. ಗ್ಯುಮ್ರಿ 1,500 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಮೇ ತಿಂಗಳಲ್ಲಿಯೂ ರಾತ್ರಿ ಚಳಿ, ಹಗಲಲ್ಲಿ ಚರ್ಮ ಸುಡುವ ಬಿಸಿಲು.

ಉಡುಗೊರೆಯ ವಿಷಯ ಸುಲಭವಾಗಿರಲಿಲ್ಲ. ಕುಟುಂಬಕ್ಕೆ ಬೆಲೆಬಾಳುವ ವಸ್ತು ಕೊಡಬಾರದೆಂದು ಸೂಚನೆಯಿತ್ತು. ಕೊಡುವವರು ಮತ್ತು ಪಡೆಯುವವರು ಎಂಬ ಗೆರೆ ಅಲ್ಲಿಂದಲೇ ಏಳುತ್ತದೆ. ಬರಿಗೈಯಲ್ಲಿ ಹೋಗುವುದು ನಮ್ಮ ಪದ್ಧತಿಯೂ ಅಲ್ಲ, ಅವರದ್ದೂ ಅಲ್ಲ. ಕೊನೆಗೆ ಚಿಕ್ಕಮಗಳೂರಿನ ಕಾಫಿ ಎಂದು ತೀರ್ಮಾನವಾಯಿತು, ಏಕೆಂದರೆ ಅರ್ಮೇನಿಯನ್ನರ ಮನೆಯಲ್ಲಿ ದಿನ ಆರಂಭವಾಗುವುದೂ ನೆಂಟರು ಬಂದು ಹೋಗುವುದೂ 'ಸುರ್ಚ್' ಎಂಬ ಗಟ್ಟಿ ಕಪ್ಪು ಕಾಫಿಯ ಸುತ್ತ. ಅದನ್ನು ಸೋಸುವುದಿಲ್ಲ, ಹಿಟ್ಟಿನಷ್ಟು ನುಣ್ಣಗೆ ಬೀಸಿ ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಉಕ್ಕಿಸುತ್ತಾರೆ. ಗಾಂಧಿ ಬಜಾರಿನ ಕಾಫಿಪುಡಿ ಅಂಗಡಿಯಲ್ಲಿ "ಚಿಕೋರಿ ಎಷ್ಟು ಹಾಕಲಿ ಮೇಡಂ?" ಎಂದರು. ಬೇಡ ಎಂದೆ. ಇನ್ನೂ ನುಣ್ಣಗೆ ಎಂದೆ. ಎರಡನೆಯ ಸಲ ಬೀಸಿದ ಮೇಲೂ ಇನ್ನೂ ಎಂದಾಗ, "ಇದು ಫಿಲ್ಟರಿನಲ್ಲಿ ಇಳಿಯೋದೇ ಇಲ್ಲ, ಆಮೇಲೆ ನಮ್ಮನ್ನು ಬೈಬೇಡಿ" ಎಂದು ಎಚ್ಚರಿಸಿ ಕಟ್ಟಿಕೊಟ್ಟರು.

ಮೇ 9 ಮತ್ತು 10, ಶಾರ್ಜಾ ಮಾರ್ಗವಾಗಿ ಯೆರೆವಾನ್

ಪ್ರಯಾಣದ ಬಗ್ಗೆ ಹೇಳುವಂಥದ್ದಿಲ್ಲ. ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವ ಗಡಿಯಾರ, ಜ್ವಾರ್ತ್ನೋತ್ಸ್ ವಿಮಾನ ನಿಲ್ದಾಣ, ಹೊರಗೆ ಬಂದೊಡನೆ ಆಕಾಶದಲ್ಲಿ ತೇಲುವ ಬಿಳಿ ಬೆಟ್ಟ. ಅರಾರತ್ 5,137 ಮೀಟರ್ ಎತ್ತರವಿದೆ, ಅರ್ಮೇನಿಯಾದ ಲಾಂಛನದ ಮೇಲಿದೆ, ಇರುವುದು ಮಾತ್ರ ಟರ್ಕಿಯ ಗಡಿಯಾಚೆ. ಯೆರೆವಾನಿನ ಕಟ್ಟಡಗಳು ಗುಲಾಬಿ, ಕೇಸರಿ, ಜೇನುಬಣ್ಣದ ಟಫ್ ಕಲ್ಲಿನವು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಈ ಕಲ್ಲು ಹಗುರ, ರಂಧ್ರಮಯ, ಗರಗಸಕ್ಕೆ ಬಗ್ಗುತ್ತದೆ, ಚಳಿಯನ್ನು ತಡೆಯುತ್ತದೆ. ಅಂಗೈಯಲ್ಲಿ ಒಂದು ಚೂರನ್ನು ಹಿಡಿದಾಗ ಬೀದರ್ ಕೋಟೆಯ ಕೆಂಪು ಕಲ್ಲೇ ನೆನಪಾಯಿತು: ಹುಟ್ಟು ಬೇರೆ, ಗುಣ ಅದೇ, ಮೈತುಂಬ ತೂತು.

ಸಂಜೆ ಇಡೀ ತಂಡ ಸೇರಿತು, ಹದಿಮೂರು ಜನ. ಬೈರೂತಿನಿಂದ ಬಂದ ಒಬ್ಬ ಮಹಿಳೆ ನನ್ನ ಕೋಣೆಯ ಜೊತೆಗಾತಿ. ನಾನು ಕಲಿತ 'ಬರೆವ್' ಎಂಬ ನಮಸ್ಕಾರವನ್ನು ಹೇಳಿದರೆ ಆಕೆ 'ಪರೆವ್' ಎಂದರು. ಅದು ಪಶ್ಚಿಮ ಅರ್ಮೇನಿಯನ್. ಇಂದಿನ ಟರ್ಕಿಯ ನೆಲದಿಂದ ಚೆದುರಿಹೋದವರ ಮೊಮ್ಮಕ್ಕಳು ಉಳಿಸಿಕೊಂಡಿರುವ, ಅಳಿವಿನ ಅಂಚಿನಲ್ಲಿರುವ ನುಡಿಗಳಲ್ಲಿ ಒಂದೆಂದು ಯುನೆಸ್ಕೊ ಗುರುತಿಸಿರುವ ರೂಪ. ತನ್ನ ಅಜ್ಜಿಯ ಮನೆ ಇದ್ದ ಊರು ಈ ದೇಶದಲ್ಲಿಲ್ಲ, ಆದರೂ ಒಂದು ಮನೆಯನ್ನಾದರೂ ಇಲ್ಲಿ ಕಟ್ಟಬೇಕೆಂದು ಬಂದೆ ಎಂದರು. ನಾನು ಕಿಲ್ಲಾರಿಯ ಬಗ್ಗೆ ಹೇಳಿದೆ. ಆಮೇಲೆ ಇಬ್ಬರೂ ಬೂಟುಗಳ ಬಗ್ಗೆ ಮಾತಾಡಿದೆವು.

ಮೇ 11, ಯೆರೆವಾನ್

ಬೆಳಿಗ್ಗೆ ತ್ಸಿತ್ಸೆರ್ನಕಾಬೆರ್ದ್ ಗುಡ್ಡದ ಸ್ಮಾರಕಕ್ಕೆ ಹೋದೆವು. 1967ರಲ್ಲಿ ಮುಗಿದ ಈ ಸ್ಮಾರಕದಲ್ಲಿ ಒಳಕ್ಕೆ ಬಾಗಿದ 12 ಬೃಹತ್ ಶಿಲಾಫಲಕಗಳು ನಂದದ ಜ್ಯೋತಿಯನ್ನು ಸುತ್ತುವರಿದಿವೆ. ಒಳಗಿಳಿಯುವ ಮೆಟ್ಟಿಲುಗಳಿಂದಾಗಿ ತಲೆ ತಾನಾಗಿ ತಗ್ಗುತ್ತದೆ. ಏಪ್ರಿಲ್ 24ರಂದು ಇಟ್ಟ ಹೂಗಳು ಅಷ್ಟು ಹೊತ್ತಿಗೆ ತೆರವಾಗಿದ್ದವು. ಬೈರೂತಿನ ಗೆಳತಿ ಅಲ್ಲಿ ಅಳಲಿಲ್ಲ. ಮಧ್ಯಾಹ್ನ ಮಾತೆನದರಾನ್ ಹಸ್ತಪ್ರತಿ ಭಂಡಾರದಲ್ಲಿ, ಒಂದು ಪುಸ್ತಕದ ಮುಂದೆ ಅತ್ತರು.

ಆ ಪುಸ್ತಕದ ಕಥೆಯನ್ನು ಬರೆಯದಿರಲಾರೆ. ಮುಷ್ ಎಂಬ ಊರಿನ ಹೆಸರಿನಿಂದ ಪ್ರಸಿದ್ಧವಾದ, 13ನೆಯ ಶತಮಾನದ ಆರಂಭದಲ್ಲಿ ಬರೆದ ಧರ್ಮೋಪದೇಶಗಳ ಸಂಕಲನ ಅದು. ಕರುವಿನ ಚರ್ಮದ ಹಾಳೆಗಳು, 28 ಕಿಲೋ ತೂಕ. 1915ರಲ್ಲಿ ಓಡುತ್ತಿದ್ದ ಇಬ್ಬರು ಹೆಂಗಸರು ಸುಟ್ಟ ಮಠದಲ್ಲಿ ಅದನ್ನು ಕಂಡು, ಒಬ್ಬರಿಂದ ಹೊರಲಾಗದೆಂದು ಎರಡು ಭಾಗ ಮಾಡಿ ಹೊತ್ತರು. ಒಬ್ಬಾಕೆ ತನ್ನ ಪಾಲನ್ನು ಅರ್ಮೇನಿಯನ್ ಚರ್ಚಿನ ಕೇಂದ್ರಪೀಠವಾದ ಎಚ್ಮಿಯಾದ್ಜಿನ್‌ಗೆ ತಲುಪಿಸಿದಳು. ಇನ್ನೊಬ್ಬಾಕೆ ದಾರಿಯಲ್ಲಿ ಎರ್ಜ್ರೂಮ್ ಬಳಿಯ ಮಠದ ಅಂಗಳದಲ್ಲಿ ಹೂತಿಟ್ಟಳು, ಆ ಭಾಗ ಆಮೇಲೆ ಸಿಕ್ಕಿತು. ವಿಮಾನದಲ್ಲಿ 3 ಕಿಲೋ ಹೆಚ್ಚಾಯಿತೆಂದು ಸ್ವೆಟರು ಬಿಚ್ಚಿ ಮೈಮೇಲೆ ಹಾಕಿಕೊಂಡವಳು ನಾನು.

ರಾತ್ರಿ ತಂಡದ ಸಂಯೋಜಕರಿಂದ ಕಟ್ಟುನಿಟ್ಟಿನ ತರಬೇತಿ. ಕೇಳದೆ ಫೋಟೋ ತೆಗೆಯಬಾರದು, ಮಕ್ಕಳದ್ದಂತೂ ಕೂಡದು. ಕೊಟ್ಟ ಕಾಫಿಯನ್ನು ಬೇಡವೆನ್ನಬಾರದು, ಮತ್ತು ಯಾವ ಕಾರಣಕ್ಕೂ ಅದನ್ನು ಟರ್ಕಿಶ್ ಕಾಫಿ ಎನ್ನಬಾರದು. ಚರ್ಚಿನಿಂದ ಹೊರಬರುವಾಗ ಬಲಿಪೀಠಕ್ಕೆ ಬೆನ್ನು ಹಾಕದೆ ಹಿಂದಕ್ಕೆ ನಡೆಯಬೇಕು. ಗರ್ಭಗುಡಿಯ ಮುಂದೆ ಹಾಗೆಯೇ ನಡೆದು ಬೆಳೆದ ನಮ್ಮ ನಾಲ್ವರಿಗೆ ಅದನ್ನು ಹೇಳಿಕೊಡಬೇಕಿರಲಿಲ್ಲ. ಸಸ್ಯಾಹಾರಿಗಳು ಯಾರೆಂದು ಕೇಳಿದರು, ನಾನು ಕೈಯೆತ್ತಿದೆ. 'ಉಪವಾಸದ ಅಡುಗೆ ಬೇಕು ಎನ್ನಿ, ಎಲ್ಲರಿಗೂ ಅರ್ಥವಾಗುತ್ತದೆ' ಎಂದರು. ಈಸ್ಟರಿಗೆ ಮುಂಚಿನ ವ್ರತದಲ್ಲಿ ಮಾಂಸ, ಹಾಲು ಎರಡನ್ನೂ ಬಿಡುವ ಜನಕ್ಕೆ ಕಾಳು ತುಂಬಿದ ಎಲೆಕೋಸು, ಜಡೆ ಹೆಣೆದು ಒಣಗಿಸಿದ ಕಾಡುಸೊಪ್ಪಿನ ಪಲ್ಯ ಎಲ್ಲವೂ ಗೊತ್ತು. ಮೊಸರಿಗೆ 'ಮಾತ್ಸುನ್', ಅದಕ್ಕೆ ನೀರು ಉಪ್ಪು ಸೇರಿಸಿದರೆ 'ತಾನ್'. ಒಂದು ಲೋಟ ಕುಡಿದೆ. ಒಗ್ಗರಣೆಯೊಂದು ಇಲ್ಲ ಎನ್ನುವುದು ಬಿಟ್ಟರೆ ಅದು ಮಜ್ಜಿಗೆಯೇ.

ಮೇ 12, ಸ್ಪಿತಾಕ್ ಮಾರ್ಗವಾಗಿ ಗ್ಯುಮ್ರಿಗೆ

ಹತ್ತಿರದ ದಾರಿ ಬಿಟ್ಟು ಸುತ್ತಿನ ದಾರಿಯಲ್ಲಿ ಕರೆದೊಯ್ದರು. ಹಿಮ ಹೊದ್ದ ಅರಗಾತ್ಸ್ ಬೆಟ್ಟದ ಮಗ್ಗುಲಲ್ಲಿ, ಲಿಪಿಗೆ 1,600 ವರ್ಷ ತುಂಬಿದ 2005ರಲ್ಲಿ ನಿಲ್ಲಿಸಿದ 39 ಕಲ್ಲಿನ ಅಕ್ಷರಗಳಿವೆ. ಕೆಲವು ನನಗಿಂತ ಎತ್ತರ. 'ತುನ್' ಎಂಬ ಪದದ ಅಕ್ಷರಗಳನ್ನು ಹುಡುಕಿ ಮುಟ್ಟಿ ಬಂದೆ.

ಸ್ಪಿತಾಕ್‌ನಲ್ಲಿ ಇಳಿದಾಗ ಅಲ್ಲೊಂದು ಪಟ್ಟಣವಿದೆ, ಆದರೆ ಅದರಲ್ಲಿ ಹಳೆಯದೇನೂ ಇಲ್ಲ. ಭೂಕಂಪದಲ್ಲಿ ಅದು ಇಡಿಯಾಗಿ ನೆಲಸಮವಾಗಿತ್ತು. ಗ್ಯುಮ್ರಿಯಲ್ಲಿ ಹಾಗಲ್ಲ, ಕರಿಯ ಟಫ್ ಕಲ್ಲಿನ 19ನೆಯ ಶತಮಾನದ ಮನೆಗಳ ಸಾಲು ಹಳೆಯ ಭಾಗದಲ್ಲಿ ಇನ್ನೂ ಇದೆ, ಕುಸಿದು ಸತ್ತದ್ದು ಬಹುಮಟ್ಟಿಗೆ ಸೋವಿಯತ್ ಕಾಲದ ಒಂಬತ್ತು ಮಹಡಿಯ ಸಿದ್ಧ ಕಾಂಕ್ರೀಟ್ ಕಟ್ಟಡಗಳು. ಮುಖ್ಯ ಚೌಕದ 'ಏಳು ಗಾಯಗಳ' ಚರ್ಚಿನ ಅಂಗಳದಲ್ಲಿ, ಅಂದು ಉದುರಿದ ಶಿಖರಗಳು ಇಂದಿಗೂ ಇವೆ. ಚರ್ಚನ್ನು ದುರಸ್ತಿ ಮಾಡಿ ಹೊಸ ಶಿಖರ ಏರಿಸಿದವರು ಹಳೆಯವನ್ನು ಎತ್ತಿ ಎಸೆಯಲಿಲ್ಲ. ಮಕ್ಕಳು ಅದರ ಸುತ್ತ ಕಣ್ಣಾಮುಚ್ಚಾಲೆ ಆಡುತ್ತಿದ್ದರು.

ಮೇ 13, ಗ್ಯುಮ್ರಿ

ಕೆಲಸ ನಾಳೆಯಿಂದ, ಇಂದು ಪರಿಚಯ ಮಾತ್ರ. ಊರಂಚಿನ ಕೆಸರು ದಾರಿಯ ಕೊನೆಯಲ್ಲಿ ತುಕ್ಕು ಹಿಡಿದ ಡೊಮಿಕ್, ಅದರ ಪಕ್ಕದಲ್ಲಿಯೇ ಆ ಮನೆ. 1990ರಲ್ಲಿ ಹಾಕಿದ ಪಾಯ, ಮೂರು ಕಡೆ ತಲೆಮಟ್ಟದ ಕರಿಯ ಕಲ್ಲಿನ ಗೋಡೆ, ಹಿಂಬದಿಯಲ್ಲಿ ಪೂರ್ತಿ ಬಯಲು. ಡೊಮಿಕ್‌ನಲ್ಲಿ ಅಜ್ಜಿ, ಮಗ, ಸೊಸೆ, ಮೂರು ಮಕ್ಕಳು. ಅಜ್ಜಿಗೆ 'ತಾತಿಕ್' ಎನ್ನಬೇಕು. ಪಾಯ ಹಾಕಿದ ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಯಿತೆಂದು ದುಭಾಷಿ ತಿಳಿಸಿದರು.

ನಾವು ಹಿಂಬದಿಯ ಬಯಲಿನಿಂದ ಒಳಗೆ ಕಾಲಿಡಲಿದ್ದೆವು. ತಾತಿಕ್ ಜೋರಾಗಿ ಏನೋ ಕೂಗಿ, ನನ್ನ ತೋಳು ಹಿಡಿದು ಕಟ್ಟಡವನ್ನು ಪೂರ್ತಿ ಸುತ್ತಿಸಿ ಮುಂದಕ್ಕೆ ಕರೆದೊಯ್ದರು. ಅಲ್ಲಿ ಎರಡು ಕಲ್ಲುಗಂಬಗಳ ನಡುವೆ ಮೂರಡಿ ಖಾಲಿ ಜಾಗವಿತ್ತು; ಚೌಕಟ್ಟಿಲ್ಲ, ಕದವಿಲ್ಲ, ಮೇಲೆ ಕಲ್ಲಿಲ್ಲ. "ದುರ್" ಎಂದರು. ದುಭಾಷಿ ಬಾಯಿ ತೆರೆಯುವ ಮುನ್ನವೇ ನನಗೆ ಅರ್ಥವಾಗಿತ್ತು. ಹದಿಮೂರು ಜನವೂ ಒಬ್ಬೊಬ್ಬರಾಗಿ ಆ ಬಾಗಿಲಿನಿಂದಲೇ ಒಳಗೆ ಹೋದೆವು. ಇಲ್ಲಿಯ ಮದುವೆಯಲ್ಲಿ ವಧೂವರರು ಹೊಸ್ತಿಲು ದಾಟುವಾಗ ಅತ್ತೆ ಅವರ ಹೆಗಲ ಮೇಲೆ ಲವಾಶ್ ರೊಟ್ಟಿ ಹೊದಿಸಿ ಬಾಯಿಗೆ ಜೇನು ಕೊಡುತ್ತಾಳೆ, ಅವರು ತಟ್ಟೆ ಒಡೆದು ಒಳಗೆ ಬರುತ್ತಾರೆ. ನಮ್ಮಲ್ಲಿ ಅಕ್ಕಿಯ ಸೇರು ಉರುಳುತ್ತದೆ. ತನ್ನ ಸೊಸೆಗೆ ಆ ಶಾಸ್ತ್ರವನ್ನು ಡೊಮಿಕ್‌ನ ತಗಡಿನ ಬಾಗಿಲಲ್ಲಿ ಮಾಡಬೇಕಾಯಿತೆಂದು ತಾತಿಕ್ ಹೇಳಿದರು, ಆ ಮಾತಿಗೆ ಸೊಸೆ ನೆಲ ನೋಡಿದಳು.

ಕಾಫಿಪುಡಿಯ ಕಟ್ಟನ್ನು ಕೊಟ್ಟೆ. ಬಿಚ್ಚಿ, ಬೆರಳಲ್ಲಿ ಉಜ್ಜಿ, ಮೂಸಿ, ಸೊಸೆಯೊಡನೆ ಚರ್ಚೆ ಮಾಡಿ, ನುಣುಪು ಸಾಕು ಎಂದು ಒಪ್ಪಿದರು. ಕಾಫಿಯ ಹೊತ್ತಿಗೆ ವರ್ಪೆತ್ ಬಂದರು. ಅರವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಹಳೆಯ ಗೋಡೆಯ ನೆತ್ತಿಯ ಎರಡು ಸಾಲು ಬಿಚ್ಚಿ, ಸುತ್ತಲೂ ಕಬ್ಬಿಣದ ಸರಳಿಟ್ಟು ಕಾಂಕ್ರೀಟಿನ ಪಟ್ಟಿ ಸುರಿಯದೆ ಒಂದೇ ಒಂದು ಕಲ್ಲನ್ನೂ ಮೇಲಿಡುವುದಿಲ್ಲವೆಂದು ಹೇಳಿದರು. ಆ ಪಟ್ಟಿ ನಾಲ್ಕು ಗೋಡೆಗಳನ್ನು ಪೆಟ್ಟಿಗೆಯಂತೆ ಒಟ್ಟಿಗೆ ಹಿಡಿಯುತ್ತದೆ. ಕಿಲ್ಲಾರಿಯ ನಂತರ ನಮ್ಮ ಕಡೆ ಕಟ್ಟಿದ ಮನೆಗಳಲ್ಲಿಯೂ ಇಂಥದೇ ಪಟ್ಟಿಯಿದೆಯೆಂದು ಹೇಳಿದಾಗ ಅವರು ಮೊದಲ ಸಲ ನನ್ನ ಕಡೆ ನೇರವಾಗಿ ನೋಡಿದರು. ಹಳೆಯ ಕಾಲದ ಮನೆಗಳ ಬಗ್ಗೆ ಕೇಳಿದೆ. ಅರ್ಧ ನೆಲದೊಳಗೆ ಇಳಿದ 'ಗ್ಲ್ಖಾತುನ್' ಮನೆಗಳಲ್ಲಿ ತೊಲೆಗಳನ್ನು ಒಂದರ ಮೇಲೊಂದು ಕಿರಿದಾಗಿಸುತ್ತಾ ಪೇರಿಸಿ, ನೆತ್ತಿಯಲ್ಲಿ 'ಯೆರ್ದಿಕ್' ಎಂಬ ಕಿಂಡಿ ಬಿಡುತ್ತಿದ್ದರು. ಕೆಳಗೆ ನೆಲದಲ್ಲಿ ಹೂತ 'ತೊನಿರ್' ಒಲೆಯ ಹೊಗೆ ಅಲ್ಲಿಂದ ಹೋಗಿ, ಬೆಳಕು ಅಲ್ಲಿಂದ ಬರುತ್ತಿತ್ತು. ನಮ್ಮ ಮಾಳಿಗೆ ಮನೆಯ ಬೆಳಕಿಂಡಿಯನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಪೆನ್ಸಿಲ್ ಇಸಿದುಕೊಂಡು ನನ್ನ ತೊಲೆಯ ಕೋನ ತಿದ್ದಿದರು.

ಮೇ 14, ಗ್ಯುಮ್ರಿ

ಎಂಟು ಗಂಟೆಗೆ ಕೆಲಸ ಹಂಚಿದರು. ಬೈರೂತಿನ ಗೆಳತಿಗೂ ಇನ್ನಿಬ್ಬರಿಗೂ ನೆತ್ತಿಯ ಕಲ್ಲು ಬಿಚ್ಚುವ ಕೆಲಸ ಸಿಕ್ಕಿತು. ಹೆಸರಘಟ್ಟದಲ್ಲಿ ಕಲಿತ ವಿದ್ಯೆಯನ್ನು ದುಭಾಷಿಯ ಮೂಲಕ ಸೂಚ್ಯವಾಗಿ ತಿಳಿಸಿ ನಾನು ಕರಣೆಯ ಕಡೆ ನೋಡುತ್ತಿದ್ದೆ. ವರ್ಪೆತ್ ನನ್ನನ್ನು ಮರಳಿನ ಗುಡ್ಡೆಯ ಬಳಿಗೆ ಕರೆದೊಯ್ದು, ಓರೆಯಾಗಿ ನಿಲ್ಲಿಸಿದ ಜರಡಿಯನ್ನು ತೋರಿಸಿ, ಸಲಿಕೆ ಕೊಟ್ಟು ಹೋದರು. ಮನೆಯ ದೊಡ್ಡ ಹುಡುಗ ಜರಡಿಯಿಂದ ಇಳಿದ ಮರಳನ್ನು ಬಕೆಟಿಗೆ ತುಂಬಬೇಕು, ನಾನು ಎಸೆಯಬೇಕು.

ಮೊದಲ ಬಕೆಟನ್ನು ಅವನು ಬಾಯಿಯವರೆಗೆ ತುಂಬಿದ. ನಾನು ಅರ್ಧ ಸುರಿದು ತೋರಿಸಿದೆ. ಅವನು ತಲೆಯಾಡಿಸಿ ಮತ್ತೆ ತುಂಬಿದ. ಹನ್ನೊಂದು ಗಂಟೆಗೆ ಮಳೆ ಬಂತು, ಅರ್ಧ ಗಂಟೆ ಎಲ್ಲರೂ ಡೊಮಿಕ್‌ನೊಳಗೆ ಒತ್ತಿಕೊಂಡು ನಿಂತು ಕಾಫಿ ಕುಡಿದೆವು. ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಹುಡುಗ ತಾನಾಗಿಯೇ ಬಕೆಟನ್ನು ಮುಕ್ಕಾಲಿಗೆ ಇಳಿಸಿದ. ಸಂಜೆಯವರೆಗೆ ನಾವಿಬ್ಬರೂ ಅರ್ಮೇನಿಯನ್ನಿನಲ್ಲಿ ಎಣಿಸಿದೆವು. ನನಗೆ ಗೊತ್ತಿದ್ದದ್ದು ಹತ್ತರವರೆಗೆ ಮಾತ್ರವಾದ್ದರಿಂದ ಪ್ರತಿ 'ತಾಸ್'ಗೆ, ಅಂದರೆ ಹತ್ತು ಬಕೆಟಿಗೊಮ್ಮೆ, ಅವನು ಗೋಡೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದ. ಹನ್ನೊಂದು ಗೆರೆಗಳು, ಮೇಲೆ ನಾಲ್ಕು ಬಕೆಟು. ನಾಳೆ ಪಟ್ಟಿಗೆ ಸರಳು ಕಟ್ಟುವರಂತೆ, ನಾಡಿದ್ದು ಕಾಂಕ್ರೀಟು. ಅಲ್ಲಿಯವರೆಗೆ ಇನ್ನೂ ಅಷ್ಟೇ ಮರಳು ಬೇಕೆಂದು ವರ್ಪೆತ್ ಹೇಳಿದ್ದಾರೆ.